ನೀರು ಪಾಸಿಟಿವ್ ತೋರಿಸಿದ ಕಿಟ್: ಪಿಸಿಆರ್ ಕಲಿಯುವವರಿಗಾಗಿ 2020ರ ಸಿಡಿಸಿ ಪ್ರಕರಣ

2020ರ ಫೆಬ್ರವರಿ ಮೊದಲ ವಾರ. ಅಮೆರಿಕದ ರಾಜ್ಯಗಳ ಸಾರ್ವಜನಿಕ ಆರೋಗ್ಯ ಲ್ಯಾಬ್‌ಗಳಿಗೆ ಹೊಸ ಕೊರೊನಾ ವೈರಸ್ ಪತ್ತೆ ಮಾಡುವ ಆರ್‌ಟಿ-ಪಿಸಿಆರ್ ಕಿಟ್‌ಗಳು ಬರತೊಡಗಿದವು. ವೈರಸ್‌ನ ಆರ್‌ಎನ್‌ಎಯನ್ನು ಡಿಎನ್‌ಎ ಮಾಡಿ, ಅದನ್ನು ಸೈಕಲ್ ಸೈಕಲ್‌ಗೂ ದುಪ್ಪಟ್ಟು ಮಾಡುತ್ತ ಪತ್ತೆ ಹಚ್ಚುವ ವಿಧಾನ ಇದು. ಕಳಿಸಿದ್ದು ಸಿಡಿಸಿ, ಅಂದರೆ ಆ ದೇಶದ ರೋಗ ನಿಯಂತ್ರಣ ಮತ್ತು ತಡೆ ಕೇಂದ್ರ. ಹೊಸ ಕಿಟ್ ಬಂದ ಕೂಡಲೇ ರೋಗಿಯ ಸ್ಯಾಂಪಲ್ ಹಾಕುವಂತಿಲ್ಲ. ನಮ್ಮ ಕೈಯಲ್ಲಿ, ನಮ್ಮ ಮಷಿನ್‌ನಲ್ಲಿ ಅದು ಸರಿಯಾಗಿ ನಡೆಯುತ್ತದೆಯೇ ಎಂದು ಮೊದಲು ನೋಡಬೇಕು. ಲ್ಯಾಬ್‌ನವರು ಅದನ್ನೇ ಮಾಡಿದರು. ಹಲವು ಕಡೆ ಬರೀ ನೀರು ಹಾಕಿದ ವೆಲ್‌ಗಳಲ್ಲಿ, ಅಂದರೆ ಪ್ಲೇಟ್‌ನ ಪುಟ್ಟ ಗುಳಿಗಳಲ್ಲಿ, ಗ್ರಾಫ್ ಎದ್ದಿತು.

ವೈರಸ್ಸೇ ಇಲ್ಲದ ಕಡೆ ವೈರಸ್ ಇದೆ ಎಂಬ ಸಂಕೇತ. ಅದೂ ಜಗತ್ತಿನಲ್ಲೇ ಹೆಸರಾದ ಸಂಸ್ಥೆ ತಯಾರಿಸಿದ ಕಿಟ್‌ನಲ್ಲಿ, ರೋಗ ಬಾಗಿಲಿಗೆ ಬಂದು ನಿಂತ ಹೊತ್ತಿನಲ್ಲಿ.

ಲ್ಯಾಬ್ ಟೆಕ್ನಾಲಜಿ ಮತ್ತು ಮೈಕ್ರೋಬಯಾಲಜಿ ಓದಿದವರಿಗೆ ಪಿಸಿಆರ್ ಕೆಲಸ ಕಲಿಸುವಾಗ ನಾನು ಈ ಪ್ರಕರಣವನ್ನು ಬಿಡದೆ ಹೇಳುತ್ತೇನೆ. ಇದರಲ್ಲಿ ಬರುವ ಎರಡು ದೋಷಗಳೂ ದೊಡ್ಡ ವಿಜ್ಞಾನದ ದೋಷಗಳಲ್ಲ. ಬೆಂಚ್ ಮುಂದೆ ನಿಂತ ಮೊದಲ ತಿಂಗಳಲ್ಲೇ ಕಲಿಯುವ ವಿಷಯಗಳು. ಇನ್ನೊಂದು ಕಾರಣವೂ ಇದೆ. ಏನು ತಪ್ಪಾಯಿತು ಎಂದು ಸಿಡಿಸಿಯೇ ಒಳಗಿಂದ ತನಿಖೆ ಮಾಡಿ, 2021ರ ಡಿಸೆಂಬರ್‌ನಲ್ಲಿ ಪ್ಲಾಸ್ ಒನ್ ಪತ್ರಿಕೆಯಲ್ಲಿ ಪ್ರಕಟಿಸಿತು. ತನ್ನ ಕಿಟ್ ಹೇಗೆ ಕೆಟ್ಟಿತು ಎಂದು ಒಂದು ಸಂಸ್ಥೆ ಹೀಗೆ ಬಿಡಿಸಿ ಬರೆಯುವುದು ಅಪರೂಪ. ಕಲಿಯುವವರಿಗೆ ಇಷ್ಟು ಒಳ್ಳೆಯ ವಸ್ತು ಸುಲಭಕ್ಕೆ ಸಿಗುವುದಿಲ್ಲ.

ಅಲ್ಲಿಯವರೆಗೆ ನಡೆದದ್ದು

ಚೀನಾದ ವಿಜ್ಞಾನಿಗಳು ವೈರಸ್‌ನ ಜೀನೋಮ್ ಅನ್ನು 2020ರ ಜನವರಿ 10-11ರ ಹೊತ್ತಿಗೆ ಎಲ್ಲರಿಗೂ ಸಿಗುವಂತೆ ಹಾಕಿದ್ದರು. ಸುಮಾರು 30,000 ಅಕ್ಷರಗಳ ಆರ್‌ಎನ್‌ಎ. ಟೆಸ್ಟ್ ಕಟ್ಟಲು ಅಷ್ಟು ಸಾಕು. ವೈರಸ್ ಕೈಯಲ್ಲಿ ಇರಬೇಕಿಲ್ಲ. ಜರ್ಮನಿಯ ಬರ್ಲಿನ್‌ನ ಶಾರಿಟೆ ಆಸ್ಪತ್ರೆಯ ತಂಡ ಜನವರಿ ಮುಗಿಯುವ ಮೊದಲೇ ತನ್ನ ವಿಧಾನವನ್ನು ಪ್ರಕಟಿಸಿತು. ಭಾರತದಲ್ಲಿ ಜನವರಿ 30ರಂದು ಕೇರಳದಲ್ಲಿ ಮೊದಲ ಪ್ರಕರಣ ಖಚಿತವಾಯಿತು. ಅಮೆರಿಕದಲ್ಲಿ ಸಿಡಿಸಿ ತನ್ನದೇ ಟೆಸ್ಟ್ ಕಟ್ಟಿತು. ಫೆಬ್ರವರಿ 4ರಂದು ಅದಕ್ಕೆ ತುರ್ತು ಬಳಕೆಯ ಅನುಮತಿ ಸಿಕ್ಕಿತು. ದೇಶದ ಒಳಗಿನ ಲ್ಯಾಬ್‌ಗಳಿಗೆ ಸುಮಾರು 200 ಕಿಟ್, ಹೊರದೇಶಗಳಿಗೆ ಸುಮಾರು 200. ಒಂದೊಂದರಲ್ಲಿ 700ರಿಂದ 800 ರೋಗಿಗಳ ಸ್ಯಾಂಪಲ್ ನೋಡಬಹುದು ಎಂದು ಸಿಡಿಸಿ ಹೇಳಿತು.

ಕೆಲವೇ ದಿನಗಳಲ್ಲಿ ಲ್ಯಾಬ್‌ಗಳಿಂದ ದೂರು ಬಂತು. ಫೆಬ್ರವರಿ 12ರಂದು ಸಿಡಿಸಿ ತೊಂದರೆಯನ್ನು ಬಹಿರಂಗವಾಗಿ ಒಪ್ಪಿಕೊಂಡಿತು.

ಕಿಟ್‌ನ ಒಳಗೆ

ದೋಷ ಅರ್ಥವಾಗಬೇಕಾದರೆ ಕಿಟ್‌ನಲ್ಲಿ ಏನಿತ್ತು ಅಂತ ಗೊತ್ತಿರಬೇಕು. ವೈರಸ್‌ನ ಎನ್ ಜೀನ್‌ನ ಮೂರು ಜಾಗಗಳನ್ನು ಆರಿಸಿದ್ದರು. ಅವಕ್ಕೆ ಎನ್1, ಎನ್2, ಎನ್3 ಎಂದು ಹೆಸರು. ಎನ್1 ಮತ್ತು ಎನ್2 ಈ ಹೊಸ ವೈರಸ್‌ಗೆ ಮಾತ್ರ ಹೊಂದುವಂಥವು. ಎನ್3 ಸಾರ್ಸ್ ಗುಂಪಿನ ವೈರಸ್‌ಗಳನ್ನೆಲ್ಲ ಹಿಡಿಯಲು ಇಟ್ಟದ್ದು. ವೈರಸ್ ಒಂದು ಜಾಗದಲ್ಲಿ ಬದಲಾದರೂ ಇನ್ನೊಂದರಲ್ಲಿ ಸಿಕ್ಕಿಬೀಳಲಿ ಎಂಬ ಮುಂಜಾಗ್ರತೆಯೂ ಇದರ ಹಿಂದೆ ಇತ್ತು. ನಾಲ್ಕನೆಯದು ಮನುಷ್ಯನದೇ ಆದ ಆರ್‌ಎನ್ಏಸ್ ಪಿ ಜೀನ್. ಸ್ವಾಬ್‌ನಲ್ಲಿ ನಿಜವಾಗಿ ರೋಗಿಯ ಜೀವಕೋಶ ಬಂದಿದೆಯೇ, ಎಕ್ಸ್‌ಟ್ರಾಕ್ಷನ್, ಅಂದರೆ ಸ್ಯಾಂಪಲ್‌ನಿಂದ ಆರ್‌ಎನ್‌ಎ ಬೇರ್ಪಡಿಸುವ ಕೆಲಸ, ಸರಿಯಾಯಿತೇ ಎಂದು ಅದು ಹೇಳುತ್ತದೆ.

ಪ್ರತಿ ಜಾಗಕ್ಕೂ ಎರಡು ಪ್ರೈಮರ್, ಒಂದು ಪ್ರೋಬ್. ಇವೆಲ್ಲ ಆ ಜಾಗಕ್ಕೆ ಅಂಟುವ ಚಿಕ್ಕ ಡಿಎನ್‌ಎ ತುಣುಕುಗಳು; ನಕಲು ಶುರುವಾಗುವುದು ಪ್ರೈಮರ್‌ನಿಂದ. ಪ್ರೋಬ್‌ನ ಒಂದು ತುದಿಯಲ್ಲಿ ಬೆಳಕು ಕೊಡುವ ಡೈ, ಇನ್ನೊಂದು ತುದಿಯಲ್ಲಿ ಆ ಬೆಳಕನ್ನು ಅಡಗಿಸುವ ಕ್ವೆಂಚರ್. ಡಿಎನ್‌ಎ ಕಟ್ಟುವ ಕಿಣ್ವವಾದ ಪಾಲಿಮರೇಸ್ ಹೊಸ ಎಳೆ ಕಟ್ಟುತ್ತ ಬಂದಾಗ ಪ್ರೋಬ್ ತುಂಡಾಗುತ್ತದೆ, ಡೈ ಬಿಡುಗಡೆಯಾಗುತ್ತದೆ, ಮಷಿನ್‌ಗೆ ಬೆಳಕು ಕಾಣುತ್ತದೆ. ಎಷ್ಟನೇ ಸೈಕಲ್‌ನಲ್ಲಿ ಬೆಳಕು ಗೆರೆ ದಾಟಿತೋ ಅದೇ ಸಿಟಿ ಮೌಲ್ಯ. ಈ ಟೆಸ್ಟ್‌ನಲ್ಲಿ 15 ಮೈಕ್ರೋಲೀಟರ್ ಮಿಕ್ಸ್‌ಗೆ 5 ಮೈಕ್ರೋಲೀಟರ್ ಸ್ಯಾಂಪಲ್. ಮೊದಲು 50 ಡಿಗ್ರಿಯಲ್ಲಿ ಆರ್‌ಎನ್‌ಎಯನ್ನು ಡಿಎನ್‌ಎ ಮಾಡುವ ಹಂತ, ಆಮೇಲೆ 95 ಮತ್ತು 55 ಡಿಗ್ರಿಗಳ ನಡುವೆ 45 ಸೈಕಲ್. 40ರ ಒಳಗೆ ಎದ್ದರೆ ಮಾತ್ರ ಲೆಕ್ಕಕ್ಕೆ.

ಇಲ್ಲೊಂದು ವಿಷಯ ಹಿಡಿದಿಟ್ಟುಕೊಳ್ಳಿ. ಮಷಿನ್‌ಗೆ ವೈರಸ್ ಕಾಣುವುದಿಲ್ಲ. ಕಾಣುವುದು ತುಂಡಾದ ಪ್ರೋಬ್‌ನ ಬೆಳಕು ಮಾತ್ರ. ಪ್ರೋಬ್ ಯಾಕೆ ತುಂಡಾಯಿತು ಎಂದು ಅದು ಕೇಳುವುದಿಲ್ಲ. ಅದನ್ನು ಕೇಳಬೇಕಾದವರು ನಾವು. ಅದಕ್ಕೇ ಕಂಟ್ರೋಲ್‌ಗಳು ಬೇಕು. ಸ್ಯಾಂಪಲ್ ಬದಲು ನೀರು ಹಾಕಿದ ವೆಲ್‌ಗೆ ಎನ್‌ಟಿಸಿ (ನೋ ಟೆಂಪ್ಲೇಟ್ ಕಂಟ್ರೋಲ್) ಅನ್ನುತ್ತೇವೆ. ಅದರಲ್ಲಿ 45 ಸೈಕಲ್ ಮುಗಿದರೂ ಗೆರೆ ನೆಲಕ್ಕೆ ಅಂಟಿಕೊಂಡೇ ಇರಬೇಕು.

ನೀರು ಎದ್ದಿತು, ಈಗ?

ಲ್ಯಾಬ್‌ಗಳು ಕಂಡದ್ದು ಇದು. ವೈರಸ್ ಜೀನ್ ಬೇಕೆಂದೇ ಹಾಕಿದ ಪಾಸಿಟಿವ್ ಕಂಟ್ರೋಲ್ ಎದ್ದಿತ್ತು. ಅಂದರೆ ರಾಸಾಯನಿಕ ಸತ್ತಿಲ್ಲ, ಮಷಿನ್ ಕೆಟ್ಟಿಲ್ಲ. ಆದರೆ ಎನ್3ರಲ್ಲಿ ನೀರಿನ ವೆಲ್‌ಗಳೂ ಎದ್ದವು. ಅಷ್ಟು ಜಾಸ್ತಿ ಅಲ್ಲದಿದ್ದರೂ ಎನ್1ರಲ್ಲೂ ಹಾಗೇ ಆಯಿತು. ಎನ್2ರ ಬಗ್ಗೆ ಈ ತಕರಾರು ಇರಲಿಲ್ಲ.

ಹೊಸಬರು ಇಂಥ ಗ್ರಾಫ್ ನೋಡಿದ ತಕ್ಷಣ ಹೇಳುವ ಮಾತು ನನಗೆ ಬಾಯಿಪಾಠ. "ಮೇಡಂ, ಸಿಟಿ 37 ಅಲ್ವಾ, ತುಂಬಾ ಲೇಟಾಗಿ ಎದ್ದಿದೆ. ಬಿಟ್ಟುಬಿಡೋಣ್ವಾ?" ಬಿಡುವಂತಿಲ್ಲ. ಕಾಯಿಲೆಯ ಶುರುವಿನಲ್ಲಿ ಅಥವಾ ಕೊನೆಯಲ್ಲಿ ಬಂದ ರೋಗಿಯ ನಿಜವಾದ ಪಾಸಿಟಿವ್ ಕೂಡ 37ಕ್ಕೇ ಬರಬಹುದು. ನೀರೂ 37, ರೋಗಿಯೂ 37 ಆದರೆ ಯಾವುದು ಯಾವುದು ಎಂದು ಹೇಳಲು ನಮ್ಮ ಬಳಿ ಏನೂ ಉಳಿಯುವುದಿಲ್ಲ. ಎನ್‌ಟಿಸಿ ಎದ್ದರೆ ಆ ರನ್ ಅಸಿಂಧು. ರೋಗಿಗೆ ವರದಿ ಇಲ್ಲ.

ಅಮೆರಿಕದ ಲ್ಯಾಬ್‌ಗಳು ಹಿಡಿದದ್ದು ಇದೇ ನಿಯಮವನ್ನು. ಈ ಪ್ರಕರಣದ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಸಿಡಿಸಿಯ ತಪ್ಪನ್ನೇ ಹೇಳುತ್ತಾರೆ. ನನ್ನ ಮಟ್ಟಿಗೆ ಇದರಲ್ಲಿ ಎದ್ದು ಕಾಣುವವರು ಆ ರಾಜ್ಯಗಳ ಲ್ಯಾಬ್ ಟೆಕ್ನೀಷಿಯನ್‌ಗಳು. ಮೇಲಿನ ಕಚೇರಿಯಿಂದ ಬಂದ ಕಿಟ್, ಸರ್ಕಾರದ ಅನುಮತಿ ಪಡೆದದ್ದು, ಸಮಯವೋ ಇಲ್ಲವೇ ಇಲ್ಲ. ಅಂಥಾ ಒತ್ತಡದಲ್ಲೂ ಅವರು ಮೊದಲು ನೀರಿನ ವೆಲ್ ನೋಡಿದರು, ಕಂಡದ್ದನ್ನು ಹೇಳಿದರು. ಹಾಗೆ ಹೇಳದೇ ಹೋಗಿದ್ದರೆ ಆರೋಗ್ಯವಂತರಿಗೆ ಪಾಸಿಟಿವ್ ವರದಿ ಹೋಗುತ್ತಿತ್ತು.

ಆದರೆ ನಿಲ್ಲಿಸಿದ್ದಕ್ಕೂ ಬೆಲೆ ಇತ್ತು. ಕಿಟ್ ಸರಿಹೋಗುವವರೆಗೆ ಬಹುಪಾಲು ರಾಜ್ಯಗಳು ಸ್ಯಾಂಪಲ್‌ಗಳನ್ನು ಅಟ್ಲಾಂಟಾದ ಸಿಡಿಸಿಗೆ ಕಳಿಸಿ ಕಾಯಬೇಕಾಯಿತು. ಯಾರಿಗೆ ಟೆಸ್ಟ್ ಮಾಡಬಹುದು ಎಂಬ ನಿಯಮವೂ ಬಿಗಿಯಾಗಿತ್ತು. ಫೆಬ್ರವರಿ 26ರಂದು ಕ್ಯಾಲಿಫೋರ್ನಿಯಾದ ಒಬ್ಬ ರೋಗಿಯಲ್ಲಿ ಸೋಂಕು ಖಚಿತವಾಯಿತು. ಅವರು ಹೊರದೇಶಕ್ಕೆ ಹೋಗಿರಲಿಲ್ಲ, ಸೋಂಕಿತರ ಸಂಪರ್ಕವೂ ಗೊತ್ತಿರಲಿಲ್ಲ. ರೋಗ ಆಗಲೇ ಊರೊಳಗೆ ಓಡಾಡುತ್ತಿತ್ತು ಎಂದು ಅರ್ಥ. ಅದೇ ದಿನ ಸಿಡಿಸಿ ಎನ್3 ಬಿಟ್ಟು ಎನ್1, ಎನ್2 ಮಾತ್ರ ಬಳಸಬಹುದು ಎಂದು ಲ್ಯಾಬ್‌ಗಳಿಗೆ ಹೇಳಿತು. ಅಷ್ಟರಲ್ಲಿ ಕಿಟ್ ಕೈ ಸೇರಿ ಮೂರು ವಾರವೇ ಆಗುತ್ತ ಬಂದಿತ್ತು.

ಎನ್1: ಪರೀಕ್ಷೆಗೆ ಒಯ್ದ ಜಾಗದಲ್ಲೇ ಕೆಟ್ಟದ್ದು

ತನಿಖೆಯ ಪ್ರಕಾರ ಎನ್1ರಲ್ಲಿ ಆದದ್ದು ಕಲಬೆರಕೆ, ನಮ್ಮ ಭಾಷೆಯಲ್ಲಿ ಕಂಟ್ಯಾಮಿನೇಷನ್. ದೊಡ್ಡ ಪ್ರಮಾಣದಲ್ಲಿ ತಯಾರಾದ ಸಾಮಗ್ರಿಯನ್ನು ಗುಣಮಟ್ಟ ನೋಡಲು ಒಂದು ಸಂಶೋಧನಾ ಲ್ಯಾಬ್‌ನಲ್ಲಿ ಇಟ್ಟಿದ್ದರು. ಅಲ್ಲಿದ್ದಾಗ ಅದಕ್ಕೆ ಕೃತಕವಾಗಿ ತಯಾರಿಸಿದ ವೈರಸ್ ಜೀನ್‌ನ ತುಣುಕು, ಅಂದರೆ ಸಿಂಥೆಟಿಕ್ ಟೆಂಪ್ಲೇಟ್, ಸೇರಿಕೊಂಡಿತು. ಕಿಟ್ ಚೆನ್ನಾಗಿದೆಯೇ ಎಂದು ನೋಡಲು ಒಯ್ದ ಜಾಗದಲ್ಲೇ ಕಿಟ್ ಕೆಟ್ಟಿತು.

ಇದು ಎಷ್ಟು ಸುಲಭವಾಗಿ ಆಗುತ್ತದೆ ಎಂದು ಲೆಕ್ಕ ಹಾಕಿದರೇ ಗೊತ್ತಾಗುವುದು. 100 ಬೇಸ್ ಜೋಡಿ ಉದ್ದದ ಡಿಎನ್‌ಎ ತುಣುಕು ತೆಗೆದುಕೊಳ್ಳಿ. ಅದರ 1 ನ್ಯಾನೋಗ್ರಾಂನಲ್ಲಿ ಸುಮಾರು 900 ಕೋಟಿ ಪ್ರತಿಗಳಿರುತ್ತವೆ. ಪಿಸಿಆರ್‌ಗೋ ಕೆಲವೇ ಪ್ರತಿ ಸಾಕು. ಮೈಕ್ರೋಲೀಟರ್‌ಗೆ 100 ಕೋಟಿ ಪ್ರತಿ ಇರುವ ಸ್ಟಾಕ್ ಟ್ಯೂಬ್‌ನ ಮುಚ್ಚಳವನ್ನು ಟಕ್ ಎಂದು ತೆಗೆದಿರಿ ಅನ್ನೋಣ. ಮುಚ್ಚಳದ ಒಳಗಿಂದ ಹಾರಿದ ಹನಿ, ಒಂದು ಮೈಕ್ರೋಲೀಟರ್‌ನ ಹತ್ತು ಲಕ್ಷದಲ್ಲಿ ಒಂದು ಭಾಗ ಇದ್ದರೂ ಅದರಲ್ಲಿ 1,000 ಪ್ರತಿ ಇರುತ್ತವೆ. ಅದು ಕಣ್ಣಿಗೆ ಕಾಣುವುದಿಲ್ಲ. ಗ್ಲೌಸ್ ಮೇಲೆ, ಪಿಪೆಟ್‌ನ ಮೂತಿಗೆ, ರ‍್ಯಾಕ್‌ಗೆ ಕೂತು ಅಲ್ಲಿಂದ ಮುಂದಕ್ಕೆ ಹೋಗುತ್ತದೆ. ಅಡುಗೆಮನೆಯಲ್ಲಿ ಒಣಮೆಣಸಿನಕಾಯಿ ಹುರಿದರೆ ಜಗಲಿಯಲ್ಲಿ ಕೂತವರಿಗೂ ಕೆಮ್ಮು ಬರುತ್ತದಲ್ಲ, ಹಾಗೆ. ಬಾಗಿಲು ಹಾಕಿದ್ದೆ ಅಂದರೆ ಕೆಮ್ಮು ನಿಲ್ಲುವುದಿಲ್ಲ.

ಪಿಸಿಆರ್ ಮುಗಿದ ಟ್ಯೂಬ್ ಇನ್ನೂ ಅಪಾಯ. ಪ್ರತಿ ಸೈಕಲ್‌ಗೂ ದುಪ್ಪಟ್ಟು. ಲೆಕ್ಕದ ಪ್ರಕಾರ ಒಂದೇ ಪ್ರತಿ 40 ಸೈಕಲ್‌ನಲ್ಲಿ ಒಂದು ಲಕ್ಷ ಕೋಟಿ ದಾಟುತ್ತದೆ. ಪ್ರೈಮರ್ ಮುಗಿಯುವುದರಿಂದ ನಿಜದಲ್ಲಿ ಅಷ್ಟಾಗುವುದಿಲ್ಲ. ಆದರೂ ಒಂದು ಟ್ಯೂಬ್ ತೆರೆದರೆ ಇಡೀ ಕೋಣೆ ಹಾಳು ಮಾಡುವಷ್ಟು ಇದ್ದೇ ಇರುತ್ತದೆ. ರಿಯಲ್ ಟೈಮ್ ಪಿಸಿಆರ್‌ನ ದೊಡ್ಡ ಉಪಕಾರವೇ ಇದು, ಮುಗಿದ ಪ್ಲೇಟನ್ನು ತೆರೆಯುವ ಅಗತ್ಯವೇ ಇಲ್ಲ. ಸೀಲ್ ಸಮೇತ ಎಸೆಯಿರಿ.

"ಮಾಸ್ಟರ್ ಮಿಕ್ಸ್‌ನಲ್ಲಿ ಯುಎನ್‌ಜಿ ಇದೆಯಲ್ಲ, ಅದು ಕಂಟ್ಯಾಮಿನೇಷನ್ ತಡೆಯೋದಿಲ್ವಾ?" ಎಂದು ಚುರುಕಾದ ವಿದ್ಯಾರ್ಥಿಗಳು ಕೇಳುತ್ತಾರೆ. ತುಂಬಾ ಒಳ್ಳೆಯ ಪ್ರಶ್ನೆ. ಮಾಸ್ಟರ್ ಮಿಕ್ಸ್ ಅಂದರೆ ಕಿಣ್ವಗಳೆಲ್ಲ ಬೆರೆತ ಸಿದ್ಧ ದ್ರಾವಣ, ಯುಎನ್‌ಜಿ ಅದರಲ್ಲಿರುವ ಒಂದು ಕಿಣ್ವ. ಸಿಡಿಸಿಯ ವಿಧಾನದಲ್ಲೂ ಶುರುವಿಗೆ 25 ಡಿಗ್ರಿಯಲ್ಲಿ 2 ನಿಮಿಷ ಯುಎನ್‌ಜಿ ಹಂತ ಇತ್ತು. ಈ ಕಿಣ್ವ ಡಿಎನ್‌ಎಯಲ್ಲಿ ಯುರಾಸಿಲ್ ಇದ್ದರೆ ಅದನ್ನು ಕಿತ್ತು ಆ ಡಿಎನ್‌ಎ ಮುರಿಯುವಂತೆ ಮಾಡುತ್ತದೆ. ನಮ್ಮ ಪಿಸಿಆರ್ ಉತ್ಪನ್ನಗಳಲ್ಲಿ ಥೈಮಿನ್ ಬದಲು ಯುರಾಸಿಲ್ ಸೇರುವಂತೆ ಮಿಕ್ಸ್ ಮಾಡಿರುತ್ತಾರೆ. ಹಾಗಾಗಿ ಹಿಂದಿನ ರನ್‌ನಿಂದ ಹಾರಿಬಂದ ಉತ್ಪನ್ನ ನಾಶವಾಗುತ್ತದೆ. ಆದರೆ ಫ್ಯಾಕ್ಟರಿಯಲ್ಲಿ ತಯಾರಾದ ಸಿಂಥೆಟಿಕ್ ಡಿಎನ್‌ಎಯಲ್ಲಿ ಇರುವುದು ಮಾಮೂಲಿ ಥೈಮಿನ್. ಬ್ಯಾಕ್ಟೀರಿಯಾದಲ್ಲಿ ಬೆಳೆಸಿದ ಉಂಗುರದಂಥ ಡಿಎನ್‌ಎ, ಅಂದರೆ ಪ್ಲಾಸ್ಮಿಡ್‌ನಲ್ಲೂ ಅಷ್ಟೇ. ಆರ್‌ಎನ್‌ಎಯಲ್ಲಿ ಯುರಾಸಿಲ್ ಇದ್ದರೂ ಯುಎನ್‌ಜಿ ಅದನ್ನು ಮುಟ್ಟುವುದಿಲ್ಲ. ಅಂದರೆ ಈ ರಕ್ಷಣೆ ನಮ್ಮ ರನ್‌ಗಳ ಕಸಕ್ಕೆ ಮಾತ್ರ. ಪಾಸಿಟಿವ್ ಕಂಟ್ರೋಲ್ ಸ್ಟಾಕ್‌ನಿಂದ ಬರುವ ಕಸಕ್ಕೆ ಅದು ಏನೂ ಮಾಡಲಾರದು. ಯುಎನ್‌ಜಿ ಇದೆ ಎಂಬ ಧೈರ್ಯದಲ್ಲಿ ಕಂಟ್ರೋಲ್ ಟ್ಯೂಬನ್ನು ಕ್ಲೀನ್ ರೂಮ್‌ಗೆ ತರುವವರನ್ನು ನಾನು ನೋಡಿದ್ದೇನೆ. ದಯವಿಟ್ಟು ತರಬೇಡಿ.

ಇದು ಸಿಡಿಸಿಯೊಂದರ ಕಥೆಯೂ ಅಲ್ಲ. ಅದೇ ವರ್ಷ ಯೂರೋಪಿನ ಹಲವು ಲ್ಯಾಬ್‌ಗಳು ಹೊರಗಿನಿಂದ ತರಿಸಿದ ಪ್ರೈಮರ್‌ಗಳಲ್ಲೂ ಇಂಥದೇ ಕಸ ಕಂಡುಬಂತು, ಟೆಸ್ಟ್ ಶುರು ಮಾಡುವುದು ತಡವಾಯಿತು. ಎಲ್ಲರೂ ಒಂದೇ ಸಮಯಕ್ಕೆ ಪ್ರೈಮರ್ ಮತ್ತು ಕಂಟ್ರೋಲ್ ಎರಡನ್ನೂ ಅವಸರದಲ್ಲಿ ಮಾಡಿಸುತ್ತಿದ್ದರು. ಎರಡೂ ಹತ್ತಿರ ಬಂದರೆ ಹೀಗಾಗುತ್ತದೆ.

ಎನ್3: ಕಾಗದದ ಮೇಲೆಯೇ ಇದ್ದ ದೋಷ

ಎನ್3ರ ವಿಷಯ ಬೇರೆ. ಅಲ್ಲಿ ಹೊರಗಿನಿಂದ ಏನೂ ಬರಬೇಕಾಗಿರಲಿಲ್ಲ. ಡಿಎನ್‌ಎ ಎಳೆ ಬೆಳೆಯುವ ತುದಿಗೆ 3 ಪ್ರೈಮ್ ಅನ್ನುತ್ತಾರೆ; ಎರಡು ಪ್ರೈಮರ್‌ಗಳಲ್ಲಿ ಎದುರು ದಿಕ್ಕಿನಿಂದ ಕಟ್ಟುವುದು ರಿವರ್ಸ್ ಪ್ರೈಮರ್. ಎನ್3 ಪ್ರೋಬ್‌ನ 3 ಪ್ರೈಮ್ ತುದಿಯೂ ರಿವರ್ಸ್ ಪ್ರೈಮರ್‌ನ 3 ಪ್ರೈಮ್ ತುದಿಯೂ ಒಂದಕ್ಕೊಂದು ಜೋಡಿಯಾಗುವಂತಿದ್ದವು. ವೈರಸ್ ಇಲ್ಲದ ಟ್ಯೂಬ್‌ನಲ್ಲಿ ಅವೆರಡೇ ಅಂಟಿಕೊಂಡವು. ಪಾಲಿಮರೇಸ್‌ಗೆ 3 ಪ್ರೈಮ್ ತುದಿ ಸಿಕ್ಕರೆ ಸಾಕು, ಕಟ್ಟತೊಡಗುತ್ತದೆ. ಹೀಗೆ ಎರಡೆಳೆಯ ಚಿಕ್ಕ ಅಣುಗಳು, ಅವುಗಳಿಂದ ಇನ್ನೂ ದೊಡ್ಡವು ಹುಟ್ಟಿ ಹೆಚ್ಚುತ್ತ ಹೋದವು. ಕೊನೆಗೆ ಬೆಳಕು.

ತನಿಖೆಯಲ್ಲಿ ಇನ್ನೊಂದು ಅಂಶ ಸಿಕ್ಕಿತು. ಸಾಮಗ್ರಿ ಹಳೆಯದಾದಷ್ಟೂ ಎನ್3ರ ಸುಳ್ಳು ಪಾಸಿಟಿವ್ ಹೆಚ್ಚಾಗುತ್ತಿತ್ತು. ನನಗೆ ಇದು ಇಡೀ ವರದಿಯಲ್ಲೇ ಮುಖ್ಯ ಅನ್ನಿಸುತ್ತದೆ. ಹೊಸದಾಗಿ ತಯಾರಾದ ದಿನ ನೋಡಿದಾಗ ಚೆನ್ನಾಗಿಯೇ ಕಂಡದ್ದು, ಪ್ಯಾಕ್ ಆಗಿ, ಊರೂರು ಸುತ್ತಿ, ಫ್ರೀಜರ್‌ನಲ್ಲಿ ಕೂತ ಮೇಲೆ ಬೇರೆ ಥರ ನಡೆದುಕೊಳ್ಳಬಹುದು. ಕಿಟ್ ಬಂದಾಗ ಒಮ್ಮೆ ನೋಡಿ ಮುಗಿಯಿತು ಅನ್ನುವುದಲ್ಲ. ಪ್ರತಿ ರನ್‌ನಲ್ಲೂ ಎನ್‌ಟಿಸಿ ಹಾಕುವುದು ಯಾಕೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿಲ್ಲ.

ವಿದ್ಯಾರ್ಥಿಗಳಿಗೆ ಎನ್3ರ ಮೂರೂ ಸೀಕ್ವೆನ್ಸ್‌ಗಳನ್ನು (ಎರಡು ಪ್ರೈಮರ್, ಒಂದು ಪ್ರೋಬ್‌ನ ಅಕ್ಷರ ಸಾಲುಗಳನ್ನು) ಕಾಗದದಲ್ಲಿ ಬರೆದುಕೊಟ್ಟು, ಯಾವುದು ಯಾವುದಕ್ಕೆ ಅಂಟುತ್ತದೆ ಎಂದು ಕೈಯಲ್ಲೇ ಹುಡುಕಲು ಹೇಳುತ್ತೇನೆ. ಸಾಫ್ಟ್‌ವೇರ್ ಆಮೇಲೆ. ಒಂದನ್ನು ನೇರ, ಇನ್ನೊಂದನ್ನು ತಿರುಗಿಸಿ ಬರೆದು, ಎ ಎದುರು ಟಿ, ಜಿ ಎದುರು ಸಿ ಬರುತ್ತದೆಯೇ ಎಂದು ಜರುಗಿಸುತ್ತ ನೋಡಬೇಕು. ತುದಿಗಳಲ್ಲಿ ಮೂರು ನಾಲ್ಕು ಅಕ್ಷರ ಜೋಡಿಯಾದರೂ ಎಚ್ಚರ ವಹಿಸಬೇಕು. ಹೀಗೆ ಹುಡುಕಿದವರು ಆಮೇಲೆ ಪ್ರೈಮರ್ ಡೈಮರ್, ಅಂದರೆ ಪ್ರೈಮರ್‌ಗಳೇ ಒಂದಕ್ಕೊಂದು ಅಂಟಿ ಹುಟ್ಟುವ ಉತ್ಪನ್ನ, ಎಂದರೆ ಏನು ಅಂತ ಮರೆಯುವುದಿಲ್ಲ.

ಎರಡನ್ನೂ ಬೇರ್ಪಡಿಸುವುದು ಹೇಗೆ

ಪ್ರಕರಣದ ತಿರುಳು ನನ್ನ ಪ್ರಕಾರ ಇಲ್ಲಿದೆ. ಗ್ರಾಫ್ ಮಾತ್ರ ನೋಡಿದರೆ ಎನ್1 ಮತ್ತು ಎನ್3 ಒಂದೇ ಥರ ಕಾಣುತ್ತವೆ. ಎರಡರಲ್ಲೂ ನೀರು ಎದ್ದಿದೆ. ಕಾರಣ ಮಾತ್ರ ಪೂರ್ತಿ ಬೇರೆ, ಪರಿಹಾರವೂ ಬೇರೆ. ಕಲಬೆರಕೆಯಾದರೆ ಹೊಸ ಲಾಟ್, ಅಂದರೆ ಹೊಸದಾಗಿ ತಯಾರಾದ ಕಂತು, ಬಂದರೆ ಮುಗಿಯಿತು. ವಿನ್ಯಾಸದ ದೋಷವಾದರೆ ಹತ್ತು ಹೊಸ ಲಾಟ್ ತರಿಸಿದರೂ ಹೋಗುವುದಿಲ್ಲ. ಇದು ತಿಳಿಯದೆ ಬೆಂಚ್ ಒರೆಸುತ್ತ ಕೂತರೆ ವಾರಗಳೇ ಕಳೆಯುತ್ತವೆ.

ಹಾಗಾದರೆ ಹೇಗೆ ತಿಳಿಯುವುದು? ಮೊದಲು ಎಷ್ಟು ವೆಲ್ ಎದ್ದಿವೆ ಎಂದು ನೋಡಿ. ಒಂದೇ ಮಿಕ್ಸ್‌ನಿಂದ ಎಂಟು ನೀರಿನ ವೆಲ್ ಹಾಕಿ. ಅಲ್ಲೊಂದು ಇಲ್ಲೊಂದು ಎದ್ದರೆ, ಪ್ಲೇಟ್ ಹಾಕುವಾಗ ಹನಿ ಹಾರಿರಬಹುದು, ಇಲ್ಲವೇ ಮಿಕ್ಸ್‌ನಲ್ಲೇ ಬೆರಳೆಣಿಕೆಯ ಪ್ರತಿಗಳು ಇರಬಹುದು. ಎಂಟೂ ಹತ್ತಿರ ಹತ್ತಿರದ ಸಿಟಿಗೆ ಎದ್ದರೆ ತೊಂದರೆ ಸಾಮಗ್ರಿಯಲ್ಲೇ ಇದೆ. ಆಮೇಲೆ ಒಂದೊಂದನ್ನೇ ಬದಲಿಸಿ. ನೀರು ಹೊಸದು, ಉಳಿದದ್ದು ಹಳೆಯದು. ಮಾಸ್ಟರ್ ಮಿಕ್ಸ್ ಹೊಸದು, ಉಳಿದದ್ದು ಹಳೆಯದು. ಎಲ್ಲವನ್ನೂ ಒಟ್ಟಿಗೆ ಎಸೆದು ಹೊಸದು ತೆಗೆದರೆ ತೊಂದರೆ ಹೋಗಬಹುದು, ಆದರೆ ಯಾಕೆ ಬಂತು ಎಂದು ಎಂದಿಗೂ ತಿಳಿಯುವುದಿಲ್ಲ.

ಪ್ರೈಮರ್ ಮೇಲೆ ಅನುಮಾನ ಬಂದರೆ ನಿರ್ಧಾರ ಮಾಡುವ ಪ್ರಯೋಗ ಒಂದಿದೆ. ಅದೇ ಸೀಕ್ವೆನ್ಸ್, ಬೇರೆ ಕಡೆಯಿಂದ ಹೊಸದಾಗಿ ತಯಾರಿಸಿ ತರಿಸಿ, ವೈರಸ್‌ನ ಯಾವ ತುಣುಕೂ ಸುಳಿಯದ ಕೋಣೆಯಲ್ಲಿ ತೆರೆಯಿರಿ. ನೀರು ಶಾಂತವಾದರೆ ಹಳೆಯದು ಕಲಬೆರಕೆ. ಮತ್ತೆ ಎದ್ದರೆ ದೋಷ ಸೀಕ್ವೆನ್ಸ್‌ನಲ್ಲೇ ಇದೆ. ಹೊಸತಿನಲ್ಲಿ ಏಳದೆ ಹಳೆಯದಾದ ಮೇಲೆ ಏಳುವ ಎನ್3ರಂಥವೂ ಇವೆ, ಆದ್ದರಿಂದ ಕೆಲವು ದಿನ ಬಿಟ್ಟು ಇನ್ನೊಮ್ಮೆ ನೋಡಬೇಕು. 50 ಡಿಗ್ರಿಯ ಆರ್‌ಟಿ ಕಿಣ್ವವನ್ನು ಕೈಬಿಟ್ಟು ಒಂದು ರನ್ ಹಾಕಿದರೆ ಕಸ ಡಿಎನ್‌ಎಯೋ ಆರ್‌ಎನ್‌ಎಯೋ ಎಂಬ ಸುಳಿವು ಸಿಗುತ್ತದೆ. ಜೆಲ್‌ನಲ್ಲಿ ಓಡಿಸಿದರೆ ಉತ್ಪನ್ನದ ಉದ್ದ ಕಾಣುತ್ತದೆ. ಈ ಟೆಸ್ಟ್‌ನಲ್ಲಿ ನಿಜವಾದ ಉತ್ಪನ್ನ ಸುಮಾರು 70 ಬೇಸ್. ಅಷ್ಟು ಚಿಕ್ಕದಾದ್ದರಿಂದ ಡೈಮರ್‌ನಿಂದ ಬೇರ್ಪಡಿಸಲು ಗಟ್ಟಿಯಾದ ಜೆಲ್ ಬೇಕು. ಖಚಿತವಾಗಬೇಕಾದರೆ ಸೀಕ್ವೆನ್ಸ್ ಮಾಡಿಸಲೇಬೇಕು. ಜೆಲ್ ಮಾಡುವುದಾದರೆ ಟ್ಯೂಬ್ ತೆರೆಯಬೇಕಾಗುತ್ತದೆ, ಅದು ಬೇರೆ ಕೋಣೆಯಲ್ಲಿ, ಬೇರೆ ಪಿಪೆಟ್‌ನಲ್ಲಿ. ಆ ದಿನ ಮತ್ತೆ ಕ್ಲೀನ್ ರೂಮ್‌ಗೆ ಕಾಲಿಡುವಂತಿಲ್ಲ.

ಬಿಡುಗಡೆಗೆ ಮುಂಚೆ ಇದೆಲ್ಲ ಯಾಕೆ ಸಿಗಲಿಲ್ಲ ಎಂಬುದು ನೋವಿನ ಪ್ರಶ್ನೆ. ಬಿಡುಗಡೆಗೆ ಮುಂಚಿನ ಕೊನೆಯ ಪರೀಕ್ಷೆಯೊಂದರಲ್ಲಿ ಕಿಟ್ ಶೇ. 33ರಷ್ಟು ಸಲ ವಿಫಲವಾಗಬಹುದು ಎಂದು ಕಂಡಿತ್ತು, ಆದರೂ ಕಳಿಸಿದರು ಎಂದು ಅಮೆರಿಕದ ಎನ್‌ಪಿಆರ್ ರೇಡಿಯೊ 2020ರ ನವೆಂಬರ್‌ನಲ್ಲಿ ಸಿಡಿಸಿಯ ಒಳ ಪರಿಶೀಲನೆಯನ್ನು ಆಧರಿಸಿ ವರದಿ ಮಾಡಿತು. ಅವಸರ ಎಷ್ಟಿತ್ತೆಂದು ಊಹಿಸಬಲ್ಲೆ. ಆದರೆ ಮೂರರಲ್ಲಿ ಒಂದು ಸಲ ಎಡವುವ ಟೆಸ್ಟನ್ನು ಕಳಿಸಿದರೆ ಸಮಯ ಉಳಿಯುವುದಿಲ್ಲ. ಅದು ಇಲ್ಲಿ ಮೂರು ವಾರವನ್ನು ನುಂಗಿತು.

ನಮ್ಮ ಬೆಂಚ್ ಮೇಲೆ

ಕೋವಿಡ್ ಬಂದ ಮೇಲೆ ಕರ್ನಾಟಕದ ಜಿಲ್ಲೆಗಳಲ್ಲೂ ಆರ್‌ಟಿ-ಪಿಸಿಆರ್ ಲ್ಯಾಬ್‌ಗಳು ಬಂದವು. ಮಷಿನ್ ಇದೆ, ಕಿಟ್ ಇದೆ, ಕೈಗಳು ಹೊಸವು. ಈ ಕೌಶಲ ಕೋವಿಡ್‌ಗೆ ಮಾತ್ರ ಅಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗೊತ್ತಾದ ಮಂಗನ ಕಾಯಿಲೆ ಈಗಲೂ ಬೇಸಿಗೆ ಹತ್ತಿರ ಬಂದಂತೆ ಮಲೆನಾಡಿನಲ್ಲಿ ತಲೆ ಎತ್ತುತ್ತದೆ. ಜ್ವರ ಶುರುವಾದ ಮೊದಲ ದಿನಗಳಲ್ಲಿ ಅದನ್ನು ಹಿಡಿಯುವುದು ಇದೇ ಆರ್‌ಟಿ-ಪಿಸಿಆರ್. ಒಂದು ಸುಳ್ಳು ಪಾಸಿಟಿವ್ ಹೋದರೆ ಆ ಊರಿಗೇ ಭಯ, ಕಾಡಿಗೆ ಸೊಪ್ಪು-ತರಗೆಲೆಗೆ ಹೋಗುವವರ ದುಡಿಮೆಗೆ ಕತ್ತರಿ. ಸುಳ್ಳು ನೆಗೆಟಿವ್ ಹೋದರೆ ರೋಗಿ ಮನೆಗೆ ಹೋಗುತ್ತಾರೆ. ನೀರಿನ ವೆಲ್ ಬಗ್ಗೆ ನಾನು ಇಷ್ಟು ಹಟ ಹಿಡಿಯುವುದು ಇದಕ್ಕೇ.

ಕಲಿಕೆಯನ್ನು ನಾನು ರೋಗಿಯ ಸ್ಯಾಂಪಲ್‌ನಿಂದ ಶುರು ಮಾಡಿಸುವುದಿಲ್ಲ. ಮೊದಲು ಬಣ್ಣದ ನೀರು. ಟಿಪ್ ಗೋಡೆಗೆ ತಾಗಿಸುವುದು, ಕೊನೆಯ ಹನಿಯನ್ನು ಗುಳ್ಳೆ ಬರದಂತೆ ಬಿಡುವುದು, ಮುಚ್ಚಳ ತೆಗೆಯುವ ಮೊದಲು ಸ್ಪಿನ್ ಮಾಡುವುದು, ಇವು ಕೈಗೆ ಬರಬೇಕು. ಆಮೇಲೆ ಹೊಳೆಯುವ ಡೈ ಕೊಟ್ಟು ಮಾಮೂಲಿಯಂತೆ ಪ್ಲೇಟ್ ಹಾಕಿಸುತ್ತೇನೆ. ಕೊನೆಗೆ ದೀಪ ಆರಿಸಿ ಯುವಿ ಬೆಳಕು ಹಿಡಿದರೆ ಗ್ಲೌಸ್, ರ‍್ಯಾಕ್, ಪಿಪೆಟ್ ಹಿಡಿ, ಒಮ್ಮೊಮ್ಮೆ ಕೋಟಿನ ತೋಳಿನ ಮೇಲೂ ಚುಕ್ಕಿಗಳು. ನಾನು ಬಾಯಲ್ಲಿ ಎಷ್ಟು ಹೇಳಿದರೂ ಆಗದ್ದು ಆ ಚುಕ್ಕಿಗಳಿಂದ ಆಗುತ್ತದೆ.

ಮುಂದಿನದು ದುರ್ಬಲಗೊಳಿಸುವ ಸರಣಿ. ಕಂಟ್ರೋಲನ್ನು ಹತ್ತರಲ್ಲಿ ಒಂದು, ನೂರರಲ್ಲಿ ಒಂದು, ಸಾವಿರದಲ್ಲಿ ಒಂದು ಎಂದು ಇಳಿಸುತ್ತ ಹೋಗಬೇಕು. ಕೈ ಸರಿಯಿದ್ದರೆ ಪ್ರತಿ ಹೆಜ್ಜೆಗೂ ಸಿಟಿ ಸುಮಾರು 3.3 ಮುಂದೆ ಹೋಗುತ್ತದೆ. 2.5 ಬಂತು, 4 ಬಂತು ಅಂದರೆ ಸಾಮಾನ್ಯವಾಗಿ ಮಷಿನ್ ಕಾರಣವಲ್ಲ, ಪಿಪೆಟ್ ಹಿಡಿದ ಕೈ ಕಾರಣ. ಇದನ್ನು ದಾಟಿದವರಿಗೆ ಚೆಸ್ ಬೋರ್ಡ್ ಪ್ಲೇಟ್. ಒಂದು ವೆಲ್‌ಗೆ ಗಟ್ಟಿ ಪಾಸಿಟಿವ್, ಪಕ್ಕದ್ದಕ್ಕೆ ನೀರು, ಮತ್ತೆ ಪಾಸಿಟಿವ್, ಮತ್ತೆ ನೀರು. ನೀರಿನ ಎಲ್ಲ ವೆಲ್‌ಗಳೂ ನೆಲದಲ್ಲೇ ಉಳಿದರೆ ಮಾತ್ರ ರೋಗಿಯ ಸ್ಯಾಂಪಲ್ ಕೈಗೆ.

ಸಣ್ಣ ಲ್ಯಾಬ್‌ನವರು ಕೇಳುತ್ತಾರೆ, ಮೂರು ಕೋಣೆ ಎಲ್ಲಿಂದ ತರೋದು ಅಂತ. ನ್ಯಾಯವಾದ ಮಾತು. ಮಿಕ್ಸ್ ಮಾಡುವ ಜಾಗ, ಸ್ಯಾಂಪಲ್ ಸೇರಿಸುವ ಜಾಗ, ಮಷಿನ್ ಇರುವ ಜಾಗ ಬೇರೆ ಬೇರೆ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಒಂದೇ ಕೋಣೆಯಲ್ಲಿ ಮುಚ್ಚಿದ ಪಿಸಿಆರ್ ಪೆಟ್ಟಿಗೆ ಇಡಿ, ಮಿಕ್ಸ್ ಅಲ್ಲಿ ಮಾತ್ರ ಮಾಡಿ. ಬೆಳಿಗ್ಗೆ ಮಿಕ್ಸ್, ಮಧ್ಯಾಹ್ನ ಸ್ಯಾಂಪಲ್ ಎಂದು ಸಮಯವನ್ನು ಬೇರೆ ಮಾಡಿ. ಪಿಪೆಟ್‌ಗಳಿಗೆ ಬಣ್ಣದ ಟೇಪ್ ಸುತ್ತಿ, ಒಂದರ ಜಾಗಕ್ಕೆ ಇನ್ನೊಂದು ಹೋಗದಿರಲಿ. ಫಿಲ್ಟರ್ ಟಿಪ್‌ನಲ್ಲಿ ಹಣ ಉಳಿಸಬೇಡಿ. ಬೆಂಚನ್ನು ಸ್ಪಿರಿಟ್‌ನಿಂದ ಮಾತ್ರ ಒರೆಸಿದರೆ ಸಾಲದು. 70 ಪರ್ಸೆಂಟ್ ಆಲ್ಕೋಹಾಲ್ ಡಿಎನ್‌ಎಯನ್ನು ನಾಶ ಮಾಡುವುದಿಲ್ಲ. ಹೊಸದಾಗಿ ಮಾಡಿದ 10 ಪರ್ಸೆಂಟ್ ಬ್ಲೀಚ್ ಬೇಕು, ಆಮೇಲೆ ನೀರಿನಿಂದ ಒರೆಸಬೇಕು, ಇಲ್ಲದಿದ್ದರೆ ಸ್ಟೀಲ್ ತುಕ್ಕು ಹಿಡಿಯುತ್ತದೆ. ಒಂದು ಎಚ್ಚರಿಕೆ: ಎಕ್ಸ್‌ಟ್ರಾಕ್ಷನ್ ಕಿಟ್‌ಗಳ ಲೈಸಿಸ್ ಬಫರ್‌ನಲ್ಲಿ ಗ್ವಾನಿಡೀನ್ ಇರುತ್ತದೆ, ಅದಕ್ಕೆ ಬ್ಲೀಚ್ ತಾಗಬಾರದು. ವಿಷಗಾಳಿ ಬರುತ್ತದೆ. ಅವೆರಡನ್ನೂ ಬೇರೆ ಬೇರೆ ಡಬ್ಬಿಗೆ ಹಾಕುವುದನ್ನು ಮೊದಲ ದಿನವೇ ಕಲಿಯಿರಿ.

ಇನ್ನು ಕಂಟ್ರೋಲ್ ಸ್ಟಾಕ್. ಈ ಪ್ರಕರಣ ನೋಡಿದ ಮೇಲೆ ಅದರ ಬಗ್ಗೆ ನನ್ನ ನಿಯಮ ಇನ್ನೂ ಬಿಗಿಯಾಗಿದೆ. ಪ್ರೈಮರ್ ಇರುವ ಫ್ರೀಜರ್‌ನಲ್ಲಿ ಅದಕ್ಕೆ ಜಾಗವಿಲ್ಲ. ಒಣ ಪುಡಿಯಾಗಿ ಬಂದ ಟೆಂಪ್ಲೇಟನ್ನು ಕರಗಿಸುವ ಕೆಲಸ ಆ ದಿನದ ಕಟ್ಟಕಡೆಯ ಕೆಲಸ. ಕರಗಿಸಿದ ಕೂಡಲೇ ಚೆನ್ನಾಗಿ ಇಳಿಸಿ, ಒಂದು ರನ್‌ಗೆ ಸಾಕಾಗುವಷ್ಟು ಸಣ್ಣ ಅಲಿಕ್ವಾಟ್‌ಗಳಾಗಿ ಹಂಚಿ. ಮೂಲ ಟ್ಯೂಬನ್ನು ಪದೇ ಪದೇ ತೆರೆಯುವ ಪ್ರಸಂಗವೇ ಬರಬಾರದು. ಪ್ಲೇಟ್‌ನಲ್ಲೂ ಕ್ರಮ ಇದೆ. ಮೊದಲು ನೀರಿನ ಒಂದು ವೆಲ್ ತುಂಬಿ ಮುಚ್ಚಿ, ಆಮೇಲೆ ಸ್ಯಾಂಪಲ್‌ಗಳು, ಎಲ್ಲಕ್ಕೂ ಕೊನೆಗೆ ಪಾಸಿಟಿವ್ ಕಂಟ್ರೋಲ್. ನೀರಿನ ಇನ್ನೊಂದು ವೆಲ್ ಅನ್ನು ಸ್ಯಾಂಪಲ್ ಹಾಕುವಾಗಲೆಲ್ಲ ತೆರೆದಿಟ್ಟು, ಪಾಸಿಟಿವ್‌ಗೆ ಸ್ವಲ್ಪ ಮುಂಚೆ ತುಂಬಿದರೆ ಇನ್ನೂ ಒಳ್ಳೆಯದು. ಮೊದಲನೆಯದು ಎದ್ದರೆ ತೊಂದರೆ ಮಿಕ್ಸ್‌ನಲ್ಲಿದೆ. ಎರಡನೆಯದು ಮಾತ್ರ ಎದ್ದರೆ ಸ್ಯಾಂಪಲ್ ಹಾಕುವ ಹಂತದಲ್ಲಿ ಏನೋ ಹಾರಿದೆ.

ಮುಂದೆ ಏನಾಯಿತು

ಫೆಬ್ರವರಿ 29ರಂದು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಅರ್ಹ ಲ್ಯಾಬ್‌ಗಳು ತಮ್ಮದೇ ಟೆಸ್ಟ್‌ಗಳನ್ನು ಪರಿಶೀಲಿಸಿಕೊಂಡು ಶುರು ಮಾಡಲು ಅವಕಾಶ ಕೊಟ್ಟಿತು. ಹೊಸ ಲಾಟ್‌ಗಳ ಪ್ರೈಮರ್-ಪ್ರೋಬ್‌ಗಳನ್ನು ಸಿಡಿಸಿ ಹೊರಗಿನ ತಯಾರಕರಿಂದ ಮಾಡಿಸಿತು. ಮಾರ್ಚ್‌ನಲ್ಲಿ ಎನ್3 ಅನ್ನು ಟೆಸ್ಟ್‌ನಿಂದ ತೆಗೆದೇಹಾಕಿದರು. ಎನ್1ರ ಸೀಕ್ವೆನ್ಸ್‌ನಲ್ಲಿ ಒಂದಕ್ಷರವನ್ನೂ ಬದಲಿಸಬೇಕಾಗಲಿಲ್ಲ. ಶುದ್ಧವಾಗಿ ತಯಾರಾದ ಅದೇ ಎನ್1, ಅದರ ಜೊತೆಗೆ ಎನ್2, ಆಮೇಲೆ ಜಗತ್ತಿನ ಎಷ್ಟೋ ಲ್ಯಾಬ್‌ಗಳಲ್ಲಿ ರೋಗಿಗಳ ಸ್ವಾಬ್‌ಗೂ ಊರುಗಳ ಚರಂಡಿ ನೀರಿನ ಪರೀಕ್ಷೆಗೂ ಬಳಕೆಗೆ ಬಂದವು.